ತುರುಬಿನಲ್ಲಿ ಬಂದ ಗುಲಾಬಿ ಕಡ್ಡಿ

ಪೇಟೆಯಿಂದ ತಂದ ಬದನೆಕಾಯಿಯನ್ನು ಹೆಚ್ಚುವ ಮೊದಲು ಗಂಡನ ಕೈಯಲ್ಲಿ ಪಾಸು ಮಾಡಿಸಿಕೊಳ್ಳಬೇಕಾದ ಹೆಂಗಸು ಇಡೀ ಬೀದಿಯಲ್ಲಿ ಅವಳೊಬ್ಬಳೇ. ಯಜಮಾನರು ನದಿಯ ಸೇತುವೆಯ ಮೇಲಿನ ಗಡಿಠಾಣೆಯಲ್ಲಿ ಸಸ್ಯ ತಪಾಸಣಾಧಿಕಾರಿ. ಆಚೆ ದಡದ ದೇಶದಿಂದ ಒಂದು ಹಣ್ಣು, ಒಂದು ಬೀಜ, ಒಂದು ಹಸಿ ಎಲೆ ಈಚೆಗೆ ಬರಬೇಕಾದರೂ ಅವರ ಭೂತಗನ್ನಡಿಯ ಕೆಳಗೆ ಹಾದು ಬರಬೇಕು. ಮೂವತ್ತೊಂದು ವರ್ಷದಲ್ಲಿ ಅದು ಅವರ ಕೈಗೆ ಆರನೆಯ ಬೆರಳಾಗಿಬಿಟ್ಟಿತ್ತು. ಸಂಜೆ ಹೊಸ್ತಿಲಲ್ಲೇ ಕೂತು, ತರಕಾರಿ ಚೀಲ ಸುರಿಸಿಕೊಂಡು, ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡುವರು. ಬೀದಿಯವರು ಅವರಿಗೆ ‘ಭೂತಗನ್ನಡಿ’ ಎಂದೇ ಹೆಸರಿಟ್ಟಿದ್ದರು. ಹಾಗಾಗಿ ಅವಳು ಭೂತಗನ್ನಡಿಯಮ್ಮ. (ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಗಂಡನ ಕಡೆಯಿಂದ ಅವಳಿಗೆ ಬಂದ ಬಿರುದು ಅದೊಂದೇ.)

ಹಿತ್ತಲಿನಲ್ಲೂ ಅದೇ ಆಡಳಿತ. ಎಲೆಯ ಮೇಲೆ ಒಂದು ಚುಕ್ಕೆ ಕಂಡರೆ ಎಲೆಗೆ ಕತ್ತರಿ, ಎರಡು ಕಂಡರೆ ಕೊಂಬೆಗೆ. ಒಗೆಯುವ ಕಲ್ಲಿನ ಪಕ್ಕದಲ್ಲಿರುವುದು ಗುಲಾಬಿ ಗಿಡ ಎನ್ನುವುದಕ್ಕೆ ಮುಳ್ಳು ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ನೆಟ್ಟು ಹನ್ನೆರಡು ವರ್ಷವಾಗಿದ್ದರೂ ಒಂದು ಮೊಗ್ಗು ಕಂಡದ್ದಿಲ್ಲ. ಭೂತಗನ್ನಡಿಯಮ್ಮ ಅದನ್ನು ‘ಬೋಳಪ್ಪ’ ಎಂದು ಕರೆದು, ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕುತ್ತಿದ್ದಳು.

ಅವಳ ಅಕ್ಕನ ಮನೆ ಆಚೆ ದಡದಲ್ಲಿ. ವರ್ಷಕ್ಕೊಮ್ಮೆ ಇವಳು ಅಲ್ಲಿಗೆ, ಅವಳು ಇಲ್ಲಿಗೆ. ಈ ಸಲ ಹೋದಾಗ ಅಕ್ಕನ ಅಂಗಳದಲ್ಲಿ ಒಂದು ಗುಲಾಬಿ ಗಿಡ ಮೈತುಂಬ ಹೂ ಬಿಟ್ಟಿತ್ತು. ಕೆನೆಯ ಬಣ್ಣ, ಅಂಚಿಗೆ ಮಾತ್ರ ನಾಚಿಕೊಂಡಷ್ಟು ಕೆಂಪು.

“ಇದೆಲ್ಲಿಂದ ತಂದೆ ಅಕ್ಕ?”

“ಎಲ್ಲಿಂದಲೋ ಬಂತು ಕಣೇ. ಕಾಫಿ ಕುಡಿ, ಆರಿಹೋಗುತ್ತೆ.”

ಮೂರು ಸಲ ಕೇಳಿದಳು, ಮೂರು ಲೋಟ ಕಾಫಿ ಬಂತು. ಒಂದು ಕಡ್ಡಿ ಕೊಡು ಎಂದು ಕೇಳಲು ಮಾತ್ರ ನಾಲಿಗೆ ಏಳಲಿಲ್ಲ. ಅವರಮ್ಮ ಇಬ್ಬರಿಗೂ ಹಾಲಿನ ಜೊತೆಗೇ ಕುಡಿಸಿದ್ದ ಪಾಠ ಅದು: ಕೇಳಿ ತಂದ ಕಡ್ಡಿ ಚಿಗುರುವುದಿಲ್ಲ, ಕದ್ದು ತಂದ ಕಡ್ಡಿ ಒಣಗುವುದಿಲ್ಲ. ಅಮ್ಮ ಯಾರ ಮನೆಗೆ ಹೋದರೂ ಬರುವಾಗ ತುರುಬು ಒಂದು ಸುತ್ತು ದಪ್ಪವಾಗಿರುತ್ತಿತ್ತು. ಬೇರೆಯವರ ಮನೆಯ ಉಪ್ಪಿನ ಹರಳನ್ನೂ ಮುಟ್ಟದ ದೈವಭಕ್ತೆ ಆಕೆ. ಆದರೆ ಗಿಡದ ಕಡ್ಡಿ ಕಳ್ಳತನದ ಪಟ್ಟಿಯಲ್ಲಿ ಬರುತ್ತದೆ ಎಂದು ಯಾರೂ ಆಕೆಗೆ ಹೇಳಿರಲಿಲ್ಲ. ಹೊರಡುವ ದಿನ ಬೆಳಗ್ಗೆ ಭೂತಗನ್ನಡಿಯಮ್ಮ ಗೇಣುದ್ದದ ಕಡ್ಡಿಯೊಂದನ್ನು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ತುರುಬಿನೊಳಗೆ ಪ್ರತಿಷ್ಠಾಪಿಸಿದಳು.

ಸೇತುವೆಯ ಮೇಲೆ ಯಜಮಾನರದೇ ಪಾಳಿ.

“ಗಿಡ, ಬೀಜ, ಹಣ್ಣು, ಮಣ್ಣು ಏನಾದರೂ ಇದೆಯಾ ತಾಯಿ?”

“ರೀ, ನಾನು.”

“ಗೊತ್ತು. ಇದೆಯಾ?”

“ಇಲ್ಲ,” ಎಂದಳು. ಚೀಲ ತೆಗೆಸಿದರು. ಅಕ್ಕ ಪ್ರೀತಿಯಿಂದ ಕೊಟ್ಟ ಎರಡು ಸೇಬನ್ನು ಜಪ್ತಿಯ ಡಬ್ಬಿಗೆ ಹಾಕಿಸಿದರು. ಚಪ್ಪಲಿಯ ಅಡಿಯ ಮಣ್ಣನ್ನು ಕುಂಚದಲ್ಲಿ ಕೆರೆದರು. ಕೊಡೆಯನ್ನೂ ಬಿಚ್ಚಿ ಕೊಡವಿದರು. ತುರುಬಿನಲ್ಲಿ ಮುಳ್ಳು ಚುಚ್ಚುತ್ತಿದ್ದರೂ ಅವಳು ತಲೆ ಅಲ್ಲಾಡಿಸದೆ ದೇವರ ಪಟದ ಹಾಗೆ ನಿಂತಿದ್ದಳು. ಸಾಲಿನಲ್ಲಿದ್ದ ಮುದುಕರೊಬ್ಬರು, “ಸ್ವಂತ ಹೆಂಡತಿಯನ್ನೂ ಬಿಡೋದಿಲ್ಲ ನೋಡಿ. ಇಂಥವರು ಇರೋದಕ್ಕೇ ಈಚೆ ಕಡೆ ತೋಟ ಉಳಿದಿರೋದು,” ಎಂದರು. ಯಜಮಾನರ ಕತ್ತು ಒಂದಂಗುಲ ಉದ್ದವಾಯಿತು. ಅವಳ ಕತ್ತು ಎರಡಂಗುಲ ಕುಗ್ಗಿತು.

ಕಡ್ಡಿಯನ್ನು ಹಿಡಿ ಮುರಿದ ಹಾಲಿನ ಜಗ್ಗಿನಲ್ಲಿ ನೆಟ್ಟು, ಉಗ್ರಾಣದ ಕಿಟಕಿಯಲ್ಲಿ, ಹಿಟ್ಟಿನ ಡಬ್ಬದ ಹಿಂದೆ ಅಡಗಿಸಿದಳು. ಹೊಸ್ತಿಲು ದಾಟಿ ಒಳಗೆ ಬಂದದ್ದೆಲ್ಲ ಶುದ್ಧ ಎಂಬುದು ಯಜಮಾನರ ನಂಬಿಕೆಯಾದ್ದರಿಂದ ಉಗ್ರಾಣಕ್ಕೆ ಅವರು ಕಾಲಿಡುವವರಲ್ಲ. ಕಳ್ಳ ಕಡ್ಡಿ ಅಮ್ಮನ ಮಾತು ಉಳಿಸಿತು. ಎಂಟನೆಯ ದಿನಕ್ಕೆ ಎರಡು ಕೆಂಪು ಚಿಗುರು ಒಡೆಯಿತು.

ಅವಳ ನೆಮ್ಮದಿ ಒಡೆದದ್ದೂ ಅದೇ ದಿನ. ಊಟಕ್ಕೆ ಕೂತ ಯಜಮಾನರು, “ಸೋಮವಾರ ಮೇಲಧಿಕಾರಿಗಳು ಠಾಣೆ ನೋಡೋಕೆ ಬರ್ತಾರೆ. ಮೂವತ್ತೊಂದು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ಹುಲ್ಲುಕಡ್ಡಿ ದಾಟಿಲ್ಲ ಅಂತ ಬರೆದುಕೊಂಡು ಹೋಗ್ತಾರಂತೆ. ಆಮೇಲೆ ನಮ್ಮ ಮನೆಗೇ ಕಾಫಿಗೆ ಬರ್ತಾರೆ,” ಎಂದರು.

“ಒಂದು ವೇಳೆ ದಾಟಿದ್ದರೆ?” ಎಂದಳು ಸಾರು ಬಡಿಸುತ್ತ.

“ದಾಟಿದ್ದರೆ ಏನು? ಹಿಟ್ಟು ತಿಗಣೆ ಗೊತ್ತಾ ನಿನಗೆ? ಬೆಳ್ಳಗೆ, ಪುಡಿ ಚೆಲ್ಲಿದ ಹಾಗೆ ಇರುತ್ತೆ. ಯಾರೋ ಒಬ್ಬಳು ಅಂದ ಅಂತ ಒಂದು ಕುಂಡ ತಂದಳಂತೆ, ಎರಡು ವರ್ಷದಲ್ಲಿ ಒಂದು ತಾಲ್ಲೂಕಿನ ಹಣ್ಣಿನ ತೋಟವೆಲ್ಲ ಬೆಂಕಿಗೆ ಹೋಯಿತು. ತಂದವರಿಗೆ ಶಿಕ್ಷೆ, ಬಿಟ್ಟ ಅಧಿಕಾರಿ ಮನೆಗೆ. ಕೀಟಕ್ಕೆ ರೆಕ್ಕೆ ಬೇಕಿಲ್ಲ ಕಣೇ, ಆಸೆಬುರುಕ ಹೆಂಗಸೊಬ್ಬಳು ಸಾಕು. ಸಾರು ಎಲೆಯಾಚೆ ಹೋಗ್ತಿದೆ, ನೋಡಿ ಹಾಕು.”

ಊಟದ ಶಾಸ್ತ್ರ ಮುಗಿಸಿ ಉಗ್ರಾಣಕ್ಕೆ ಓಡಿದಳು. ಚಿಗುರೆಲೆಯ ಮೇಲೆ ಬೆಳ್ಳನೆಯ ಚುಕ್ಕೆಗಳು. ಒಂದಲ್ಲ, ಎರಡಲ್ಲ.

ಅಂದಿನಿಂದ ಅವಳ ಎದೆಯೊಳಗೆ ಅವಲಕ್ಕಿ ಕುಟ್ಟತೊಡಗಿತು. ಬಟ್ಟೆಯಿಂದ ಒರೆಸಿದಳು, ಹೋಯಿತು. ಎರಡು ದಿನಕ್ಕೆ ಮತ್ತೆ ಹಾಜರ್. ಆಗ ಲೆಕ್ಕ ಹಾಕಿದಳು: ಕಡ್ಡಿಯಿಂದ ತನ್ನ ಸೆರಗಿಗೆ, ಸೆರಗಿನಿಂದ ಅವರ ಅಂಗಿಗೆ, ಅಂಗಿಯಿಂದ ಠಾಣೆಗೆ. ಅವರ ಅಂಗಿಯನ್ನು ದಿನಕ್ಕೆರಡು ಸಲ ಕೊಡವಿದಳು. ಬೀದಿಯಲ್ಲಿ ಯಾರ ಮನೆಯ ಗಿಡದ ಎಲೆ ಹಳದಿಯಾದರೂ ತಾನೇ ಮಾಡಿದ್ದು ಎನ್ನಿಸುತ್ತಿತ್ತು. ಕಿತ್ತು ಎಸೆಯೋಣವೆಂದರೆ ಎಸೆದಲ್ಲಿ ಹಬ್ಬಿದರೆ? ಒಲೆಗೆ ಹಾಕೋಣವೆಂದರೆ ಆ ಕೆಂಪು ಚಿಗುರು ಅಮ್ಮನ ಹಾಗೆ ನೋಡುತ್ತಿತ್ತು. “ದೇವರೇ, ಹುಳುವೂ ನಿನ್ನದೇ, ಗಂಡನೂ ನಿನ್ನದೇ. ಇಬ್ಬರಲ್ಲಿ ಒಬ್ಬರ ಕಣ್ಣು ಮುಚ್ಚಿಸು,” ಎಂದು ಕೈಮುಗಿದಳು. (ಮುಗಿದ ಮೇಲೆ ಪ್ರಾರ್ಥನೆಯ ಅರ್ಥ ಹೊಳೆದು, ‘ಕಣ್ಣು ಮುಚ್ಚಿಸು ಅಂದರೆ ಸುಮ್ಮನೆ ಮುಚ್ಚಿಸು’ ಎಂದು ತಿದ್ದುಪಡಿ ಸಲ್ಲಿಸಿದಳು.)

ಭಾನುವಾರ ಬೆಳಗ್ಗೆ ಯಜಮಾನರು ಮೂವತ್ತೊಂದು ವರ್ಷದ ಕೋಟಿಗೆ ಇಸ್ತ್ರಿ ಹಾಕುತ್ತ ಹಾಡು ಗುನುಗುತ್ತಿದ್ದರು. ಅದನ್ನು ಕೇಳಲಾರದೆ ಜಗ್ಗನ್ನು ತಂದು ಅವರ ಮುಂದಿಟ್ಟಳು.

“ರೀ, ಇದು ಅಕ್ಕನ ಮನೆಯದು.”

“ಜಗ್ಗಾ?”

“ಜಗ್ಗು ನಮ್ಮದೇ. ಒಳಗಿರೋದು.”

ಹಾಡು ನಿಂತಿತು. “ಹೇಗೆ ಬಂತು?” ತುರುಬು ಮುಟ್ಟಿ ತೋರಿಸಿದಳು. ಇಸ್ತ್ರಿಪೆಟ್ಟಿಗೆ ಕೋಟಿನ ಮೇಲೇ ಕೂತು ಹೊಗೆ ಎದ್ದಿತು, ಇಬ್ಬರಿಗೂ ಪರಿವೆಯಿಲ್ಲ. ಯಜಮಾನರು ಭೂತಗನ್ನಡಿ ತೆಗೆದು ಬಿಳಿ ಚುಕ್ಕೆಗಳ ಮೇಲೆ ಬಾಗಿದರು. ಬಹಳ ಹೊತ್ತಿನ ಮೇಲೆ ಬೆರಳಿಗೆ ಹಚ್ಚಿಕೊಂಡು ಮೂಸಿದರು.

“ಇದು ಹಿಟ್ಟು.”

“ಹಿಟ್ಟು ತಿಗಣೆಯೇ?”

“ತಿಗಣೆಯಿಲ್ಲ. ಬರೀ ಹಿಟ್ಟು. ಇದರ ಪಕ್ಕ ಕೂತು ಜರಡಿ ಹಿಡೀತೀಯಾ ನೀನು?”

ಹೌದು, ದಿನ ಬಿಟ್ಟು ದಿನ. ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಯಜಮಾನರು ವರದಿಯ ಕಾಗದ ತೆಗೆದಿದ್ದರು. “ಹುಳ ಇರಲಿ ಬಿಡಲಿ, ಹೇಳದೆ ತಂದದ್ದು ತಪ್ಪೇ. ಅರ್ಜಿ ಕೊಟ್ಟಿದ್ದರೆ ಪರೀಕ್ಷೆ ಮಾಡಿ ನಾನೇ ಕೊಡಿಸ್ತಿದ್ದೆ. ಈಗ ಹೇಳು, ಸಸ್ಯದ ಮೂಲ ಯಾವುದು? ಈ ಕಲಮು ಖಾಲಿ ಬಿಡೋ ಹಾಗಿಲ್ಲ. ನಿಮ್ಮಕ್ಕನಿಗೆ ಫೋನ್ ಮಾಡು.”

ಅಕ್ಕ ಈ ಸಲವೂ, “ಎಲ್ಲಿಂದಲೋ ಬಂತು ಕಣೇ,” ಎಂದೇ ಶುರುಮಾಡಿದಳು.

“ಅಕ್ಕ, ಇವರು ಪಕ್ಕದಲ್ಲೇ ಇದ್ದಾರೆ. ಸರ್ಕಾರಿ ವಿಷಯ.”

ಅಕ್ಕ ದನಿ ತಗ್ಗಿಸಿದಳು. “ನಿಮ್ಮ ಯಜಮಾನರು ಕೋಪ ಮಾಡ್ಕೋಬಾರದು. ನಾಲ್ಕು ವರ್ಷದ ಹಿಂದೆ ನಿಮ್ಮನೆಗೆ ಬಂದಿದ್ನಲ್ಲ, ಒಗೆಯೋ ಕಲ್ಲಿನ ಪಕ್ಕ ಒಂದು ಬೋಳು ಗಿಡ ಇತ್ತು. ಪಾಪ, ಎಲೇನೇ ಬಿಡೋಕೆ ಬಿಡೋದಿಲ್ಲ ಇವರು ಅಂತ ಒಂದು ಕಡ್ಡಿ ತಂದೆ. ಕೇಳಿದ್ರೆ ಚಿಗುರೋದಿಲ್ಲವಲ್ಲ, ಅದಕ್ಕೇ ತುರುಬಿಗೆ…”

ಭೂತಗನ್ನಡಿಯಮ್ಮ ಕಿಟಕಿಯಾಚೆ ನೋಡಿದಳು. ಬೋಳಪ್ಪ ನೆಲ ಒರೆಸುವ ಬಟ್ಟೆ ಹೊದ್ದು ನಿಂತಿದ್ದ. ತನ್ನ ಹಿತ್ತಲಿನ ಗಿಡವನ್ನೇ ಎರಡು ದೇಶ ಸುತ್ತಿಸಿ ಕದ್ದು ತಂದಿದ್ದಳು.

ಯಜಮಾನರು ‘ಮೂಲ: ಸ್ವಗೃಹ’ ಎಂದು ಬರೆದರು.

“ನಮ್ಮದೇ ಅಂದಮೇಲೆ ಇಟ್ಕೊಳ್ಳಬಹುದಲ್ಲ?” ಎಂದಳು ಆಸೆಯಿಂದ.

“ಸೇತುವೆ ದಾಟಿ ಬಂದಮೇಲೆ ಅದು ಪರದೇಶಿ,” ಎಂದು ಕಡ್ಡಿಯನ್ನು ಬಾಣಲೆಯಲ್ಲಿಟ್ಟು ಸುಟ್ಟರು. ಮುಖ ತಿರುಗಿಸಿಕೊಂಡೇ ಸುಟ್ಟರು.

ಸೋಮವಾರ ಕಾಫಿಗೆ ಬಂದ ಮೇಲಧಿಕಾರಿ ಹೆಂಗಸು, ದೊಡ್ಡ ತುರುಬಿನವರು. ಇಸ್ತ್ರಿಯ ಗುರುತು ಬೆನ್ನ ಮೇಲೆ ಹೊತ್ತ ಕೋಟಿನಲ್ಲಿ ಯಜಮಾನರು ವರದಿ ಒಪ್ಪಿಸಿ, ತಲೆತಗ್ಗಿಸಿ ನಿಂತರು. ಆಕೆ ಓದುತ್ತ ಓದುತ್ತ ಕೈಯನ್ನು ಮೆಲ್ಲಗೆ ಸ್ವಂತ ತುರುಬಿನ ಮೇಲಿಟ್ಟುಕೊಂಡರು. “ಹೆಂಡತಿಯ ಮೇಲೆ ವರದಿ ಬರೆದವರನ್ನು ನಾನು ಇದೇ ಮೊದಲು ನೋಡ್ತಿರೋದು. ಇವರನ್ನು ಮನೆಗೆ ಕಳಿಸಿದರೆ ಠಾಣೆಯಲ್ಲಿ ಉಳಿಯೋದು ಯಾರು?” ಎಂದರು. ಕೆಲಸ ಉಳಿಯಿತು. ಭೂತಗನ್ನಡಿಯಮ್ಮನಿಗೆ ದಂಡ ಬಿತ್ತು. ಹಿತ್ತಲಿಗೆ ತೊಂಬತ್ತು ದಿನದ ನಿಗಾ ಬಿತ್ತು: ಯಾವ ಗಿಡವನ್ನೂ ಯಾರೂ ಕತ್ತರಿಸುವಂತಿಲ್ಲ. ತಪಾಸಣಾಧಿಕಾರಿಯೂ.

ಕತ್ತರಿ ತಪ್ಪಿದ್ದೇ ತಡ, ಬೋಳಪ್ಪ ಮೈತುಂಬ ಎಲೆ ಹೊದ್ದ. ಎಪ್ಪತ್ತನೆಯ ದಿನ ಕೆನೆಬಣ್ಣದ ಮೊದಲ ಹೂ ಅರಳಿತು. ಅದನ್ನು ಕೀಳುವಂತಿಲ್ಲ, ನಿಂತು ನೋಡಬಹುದು. ಗಂಡ ಹೆಂಡತಿ ಪಕ್ಕಪಕ್ಕ ನಿಂತು ನೋಡಿದರು.

ಮುಂದಿನ ವರ್ಷ ಅಕ್ಕನ ಮನೆಯಿಂದ ಮರಳುವಾಗ ಸೇತುವೆಯ ಮೇಲೆ ಹೆಂಗಸರ ಸಾಲು ಅರ್ಧ ಮೈಲಿ ಇತ್ತು. ಹೊಸ ನಿಯಮ: ಪ್ರತಿಯೊಬ್ಬರೂ ತುರುಬು ಬಿಚ್ಚಿ, ಕೊಡವಿ, ಮತ್ತೆ ಕಟ್ಟಿಕೊಂಡು ಮುಂದೆ ಹೋಗಬೇಕು. ಬಿಸಿಲಿಗೆ ಬೆವರುತ್ತ ಮುಂದೆ ನಿಂತಿದ್ದ ದಪ್ಪನೆಯ ಟೀಚರಮ್ಮ ಹಿಂದಕ್ಕೆ ತಿರುಗಿ, “ಇದು ಯಾವ ಮಹಾತಾಯಿ ಮಾಡಿದ ಘನಂದಾರಿ ಕೆಲಸವೋ, ಅವಳ ಜಡೆ ಉದುರಿಹೋಗಲಿ. ನೀವೇನಂತೀರಿ?” ಎಂದರು.

ಭೂತಗನ್ನಡಿಯಮ್ಮ ಬಿಚ್ಚಿದ ಕೂದಲನ್ನು ಮುಖದ ಮೇಲೆ ಇನ್ನಷ್ಟು ಎಳೆದುಕೊಂಡಳು. ಸುಳ್ಳು ಹೇಳಿ ಒಂದು ಸಲ ಅನುಭವಿಸಿದ್ದಾಗಿತ್ತು.

“ಆಗಲೇ ಉದುರ್ತಾ ಇದೆ ಕಣ್ರಮ್ಮ,” ಎಂದಳು.