ಕೆಂಪು ಬಸ್ಸಿನ ಕೇಕು

ಎಲ್ಲ ರಾದ್ಧಾಂತಕ್ಕೂ ಕಾರಣ ಹೆಬ್ಬೆರಳು ಗಾತ್ರದ ಒಂದು ಸೀಸೆ. ಅದರ ಮುಚ್ಚಳ ಕೆಂಪು, ಮೇಲಿನ ಚೀಟಿ ಕೆಂಪು, ಒಳಗಿನ ನೀರು ಕೆಂಪು. ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದ ಹನಿಗಳೂ ಎಷ್ಟು ಉಜ್ಜಿದರೂ ಹೋಗದಂಥ ಕೆಂಪು. ಆದರೆ ಬೆಣ್ಣೆಗೆ ಸಕ್ಕರೆ ಪುಡಿ ಸೇರಿಸಿ ನುಣ್ಣಗೆ ಕಡೆದಿಟ್ಟ ಐಸಿಂಗಿಗೆ ಇಡೀ ಸೀಸೆ ಬಗ್ಗಿಸಿದ ಮೇಲೂ ಪಾತ್ರೆಯಲ್ಲಿ ಕಂಡದ್ದು ಗುಲಾಬಿ ಬಣ್ಣ. ಅದೂ ಎಂಥ ಗುಲಾಬಿ, ಆಗತಾನೇ ಹುಟ್ಟಿದ ಕೂಸಿನ ಅಂಗಾಲಿನಂಥದು.

ಹಾಸಿಗೆ ಮಾಮ ಸೌಟು ಹಿಡಿದು ಪಾತ್ರೆಯೊಳಗೆ ಇಣುಕಿದ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ದೀಪ ಹಾಕಿ ನೋಡಿದ. ಕಣ್ಣು ಕಿರಿದು ಮಾಡಿ ನೋಡಿದರೂ ಗುಲಾಬಿ ಗುಲಾಬಿಯೇ ಆಗಿತ್ತು.

ಅವನಿಗೆ ಬೇಕಾಗಿದ್ದದ್ದು ಬಸ್ಸಿನ ಕೆಂಪು. ಊರ ಬಸ್ಸುಗಳಿಗೆಲ್ಲ ಬಳಿದಿರುವ, ಬೀದಿಯ ಆ ತುದಿಯಿಂದಲೇ ಕಣ್ಣಿಗೆ ಹೊಡೆಯುವ ಅಪ್ಪಟ ಕೆಂಪು. ಆ ಬಣ್ಣದಲ್ಲಿ ಬಸ್ಸಿನ ಆಕಾರದ ಕೇಕು ಮಾಡಿ ಸಂಜೆ ಡ್ರೈವರಣ್ಣನ ಕೈಗಿಡಬೇಕು. ಇವತ್ತು ಅವರ ಕೊನೆಯ ಟ್ರಿಪ್ಪು, ನಾಳೆಯಿಂದ ನಿವೃತ್ತಿ. ಅದಕ್ಕೆಂದೇ ಮಾಮ ಅಂಗಡಿಗೆ ರಜೆ ಹಾಕಿ ಮನೆಯಲ್ಲಿ ಉಳಿದಿದ್ದ.

ಅಂಗಡಿಯೆಂದರೆ ಹಾಸಿಗೆ ಅಂಗಡಿ. ಗಿರಾಕಿಗಳೆದುರು ಹಾಸಿಗೆಯ ಮೇಲೆ ಹೊರಳಿ, ಕಣ್ಣು ಮುಚ್ಚಿ, ಅದರ ಸುಖವನ್ನು ವರ್ಣಿಸುವುದರಲ್ಲಿ ಮಾಮನದು ಎತ್ತಿದ ಕೈ. ಆ ಕಸುಬು ಮೈಗೆ ಹತ್ತಿಬಿಟ್ಟಿತ್ತೋ ಏನೋ, ಬೆಳಿಗ್ಗೆ ಏಳುವುದೆಂದರೆ ಮಾತ್ರ ಅವನಿಗೆ ಜೀವ ಹೋದಂತಾಗುತ್ತಿತ್ತು. ಕಟ್ಟಡದ ಮಕ್ಕಳು ಹಾಸಿಗೆ ಮಾಮ ಎಂದು ಕರೆಯಲು ಶುರುಮಾಡಿ, ಈಗ ಅವನಿಗಿಂತ ಹಿರಿಯರ ಬಾಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು. ದಿನವೂ ಒಂದು ಕೈ ಅಂಗಿಯ ತೋಳಿನೊಳಗೆ, ಇನ್ನೊಂದು ಕೈ ಗಾಳಿಯಲ್ಲಿ, ಹಲ್ಲಿನ ನಡುವೆ ಬ್ರೆಡ್ಡು ಕಚ್ಚಿಕೊಂಡು ಅವನು ಬಸ್ ಸ್ಟಾಪಿಗೆ ಓಡಿಬರುತ್ತಿದ್ದ. ದಿನವೂ ಬಸ್ಸು ನಿಂತಿರುತ್ತಿತ್ತು. ಬೇರೆಯವರಾಗಿದ್ದರೆ ಮುಖಕ್ಕೆ ಹೊಗೆ ಬಿಟ್ಟು ಹೊರಟುಹೋಗುತ್ತಿದ್ದರು. ಈ ಡ್ರೈವರಣ್ಣ ಮಾತ್ರ ಕೆಳಗಿಳಿದು ಟೈರು ತಟ್ಟುವುದೋ, ಗಾಜು ಒರೆಸುವುದೋ, ಏನಾದರೊಂದು ನೆಪ ತೆಗೆದು ಕಾಯುತ್ತಿದ್ದರು. ಮಾಮ ತಲೆ ತಗ್ಗಿಸಿ ಹತ್ತಿ, ಸೀದಾ ಹಿಂದಿನ ಸೀಟಿಗೆ ಹೋಗಿ ಕೂತುಬಿಡುತ್ತಿದ್ದ.

ಅಂಗಡಿಯ ಬೀಗದ ಕೈ ಇರುತ್ತಿದ್ದದ್ದು ಅವನ ಹತ್ತಿರ. ಅವನು ತಡವಾದರೆ ಯಜಮಾನರು ಬೀದಿಯಲ್ಲಿ ನಿಲ್ಲಬೇಕು, ಅವರು ಒಮ್ಮೆ ನಿಂತರೆ ಮಾಮನ ಕೆಲಸ ಹೋಯಿತೆಂದೇ ಲೆಕ್ಕ. ಅಂದರೆ ಅವನ ಕೆಲಸ ಉಳಿಸಿದ್ದೇ ಆ ಬಸ್ಸು. ಅಷ್ಟೇ ಅಲ್ಲ, ಮಗಳು ಪರೀಕ್ಷೆಯ ದಿನ ಪ್ರವೇಶಪತ್ರ ಮನೆಯಲ್ಲಿ ಬಿಟ್ಟು ಬಂದಾಗ, ಮಾಮ ಓಡಿಹೋಗಿ ಅದನ್ನು ತರುವ ತನಕ, ಒಳಗಿದ್ದವರೆಲ್ಲ ಬೈಯುತ್ತಿದ್ದರೂ ಆ ಮನುಷ್ಯ ಬಸ್ಸನ್ನು ಕದಲಿಸಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಎದುರು ನಿಂತು ಥ್ಯಾಂಕ್ಸ್ ಹೇಳಿಲ್ಲವಲ್ಲ ಎಂಬ ಕೊರಗು ಮಾಮನಿಗೆ.

ಚೌಕಾಕಾರದ ಕೇಕನ್ನು ಹೆಂಡತಿ ಬೆಳಿಗ್ಗೆಯೇ ಬೇಯಿಸಿಟ್ಟು ತನ್ನ ಕೆಲಸಕ್ಕೆ ಹೊರಟಿದ್ದಳು. ಚಪ್ಪಲಿ ಮೆಟ್ಟುತ್ತಾ ಕೇಳಿದ್ದಳು: "ನಾಳೆಯಿಂದ ಹೊಸ ಡ್ರೈವರ್ ಬರ್ತಾರಂತಲ್ಲ. ಈ ಕೇಕು ಹೋಗೋರಿಗೋ, ಬರೋರಿಗೋ?"

"ಛೆ, ಹೋಗೋರಿಗೆ ಕಣೇ," ಎಂದಿದ್ದ ಮಾಮ, ನಿಜವಾಗಿಯೂ ನೊಂದು. ಆಮೇಲೆ ತುಸು ತಡೆದು, "ಬರೋರು ಪಕ್ಕದಲ್ಲಿ ನಿಂತು ನೋಡಿದ್ರೆ ಬೇಡ ಅಂತ ಹೇಳಕ್ಕಾಗುತ್ತಾ?" ಎಂದೂ ಸೇರಿಸಿದ್ದ.

ಈಗ ನೋಡಿದರೆ ಪಾತ್ರೆಯಲ್ಲಿ ಕೂಸಿನ ಅಂಗಾಲು. ಬಾಗಿಲು ತೆರೆದಿದ್ದದ್ದು ಇನ್ನೊಂದು ತಪ್ಪು. ಎದುರುಮನೆಯ ಅತ್ತೆ, ಅಂದರೆ ಯಾರಿಗೂ ಅತ್ತೆಯಲ್ಲದಿದ್ದರೂ ಇಡೀ ಕಟ್ಟಡಕ್ಕೆ ಅತ್ತೆಯಾಗಿದ್ದ ಹೆಂಗಸು, ಸದ್ದಿಲ್ಲದೆ ಒಳಗೆ ಬಂದು ಅವನ ಹೆಗಲ ಮೇಲಿಂದ ಇಣುಕಿದರು. ಅಂಗಡಿಯ ಬಣ್ಣವೆಂದರೆ ಬರೀ ವಿಷ, ಬೀಟ್‌ರೂಟಿನ ಮುಂದೆ ಅದೆಲ್ಲ ಯಾವ ಲೆಕ್ಕ ಎಂದು ಹೇಳುತ್ತಲೇ ತಮ್ಮ ಮನೆಗೆ ಹೋಗಿ, ಹಿಂಡಿದ ರಸ ತುಂಬಿದ ಲೋಟ ತಂದೇಬಿಟ್ಟರು. ಮಾಮ ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಲೋಟ ಖಾಲಿಯಾಗಿತ್ತು.

ಐಸಿಂಗು ನೇರಳೆಗೆ ತಿರುಗಿತು, ಸಾರಿನಂತೆ ನೀರಾಯಿತು, ಜೊತೆಗೆ ಮಣ್ಣಿನ ವಾಸನೆ ಹೊಡೆಯಿತು. ಗಟ್ಟಿ ಮಾಡಲು ಅತ್ತೆ ಸಕ್ಕರೆ ಸುರಿದರು, ಸಿಹಿ ಹೆಚ್ಚಾಯಿತೆಂದು ಮಾಮ ಬೆಣ್ಣೆ ಹಾಕಿದ, ಜಿಡ್ಡಾಯಿತೆಂದು ಅತ್ತೆ ಮತ್ತೆ ಸಕ್ಕರೆ ಸುರಿದರು. ಕೊನೆಗೆ ನಿಜವಾದ ಬಸ್ಸಿಗೇ ಬಳಿಯುವಷ್ಟು ಐಸಿಂಗು ತಯಾರಾಯಿತು, ಕೆಂಪು ಮಾತ್ರ ಬರಲಿಲ್ಲ. ಮಾಮ ಅದನ್ನೆಲ್ಲ ಬದಿಗೆ ಸರಿಸಿ, ಹೊಸ ಬೆಣ್ಣೆ ಕಡೆದಿಡುವಂತೆ ಅತ್ತೆಗೇ ಒಪ್ಪಿಸಿ, ಪೇಟೆಗೆ ಓಡಿದ.

ಕೇಕಿನ ಸಾಮಾನು ಮಾರುವ ಅಂಗಡಿಯಾಕೆ ಸೀಸೆಯ ಹೆಸರು ಕೇಳಿದೊಡನೆ ಮೂಗು ಮುರಿದಳು. ಆ ನೀರು ಬಣ್ಣ ಶರಬತ್ತಿಗೆ ಸರಿ, ಬೆಣ್ಣೆಗೆ ಜೆಲ್ ಬೇಕು, ಅದು ಮಂದ, ಐಸಿಂಗನ್ನು ನೀರು ಮಾಡುವುದಿಲ್ಲ ಎಂದಳು. ಆಮೇಲೆ ಎಂಥ ಕೆಂಪು ಎಂದು ಕೇಳಿದಳು. ಟೊಮೆಟೊ ಕೆಂಪು ಇತ್ತು, ಚೆರಿ ಕೆಂಪು ಇತ್ತು, ಇಟ್ಟಿಗೆ ಕೆಂಪು ಇತ್ತು. ಮಾಮ ಅವಳನ್ನು ಅಂಗಡಿಯ ಬಾಗಿಲಿಗೆ ಕರೆದು, ಬೀದಿಯಲ್ಲಿ ಹೋಗುತ್ತಿದ್ದ ಬಸ್ಸನ್ನು ತೋರಿಸಿ, "ಅದು," ಎಂದ. ಅವಳು ಒಂದು ಟ್ಯೂಬು ಎತ್ತಿ ಬಸ್ಸಿನ ಪಕ್ಕಕ್ಕೆ ಹಿಡಿಯುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಇಬ್ಬರೂ ಮುಂದಿನ ಬಸ್ಸಿಗೆ ಕಾದರು. ಅದು ಬಂದಾಗ ಎಲ್ಲ ಟ್ಯೂಬುಗಳನ್ನೂ ಸಾಲಾಗಿ ಹಿಡಿದು ನೋಡಿ ಚೆರಿ ಕೆಂಪೇ ಸರಿ ಎಂದು ತೀರ್ಮಾನಿಸಿದರು. ಹೇಗೆ ಹಾಕಬೇಕೆಂದು ಹೇಳಲು ಆಕೆ ಬಾಯಿ ತೆರೆದಳು. ಆದರೆ ಎದುರಿಗೆ ಬಸ್ಸು ಕಂಡರೆ ಓಡುವುದು ಮಾಮನ ರಕ್ತದಲ್ಲೇ ಇತ್ತು. ಟ್ಯೂಬುಗಳ ಪೊಟ್ಟಣ ಎದೆಗವಚಿಕೊಂಡು ಅವನು ಆಗಲೇ ಫುಟ್‌ಬೋರ್ಡಿನ ಮೇಲಿದ್ದ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಮೇಲಿನ ಮಹಡಿಯ ಪೇಂಟರ್ ಕೂತಿದ್ದ. ಬಣ್ಣದ ವಿಷಯವೆಂದ ಮೇಲೆ ನನ್ನನ್ನು ಕರೆಯದೆ ಹೇಗೆ ನಡೆಸಿದಿರಿ ಎಂದು ಅವನಿಗೆ ಬೇಜಾರಾಗಿತ್ತು. ಬಿಳಿ ಗೋಡೆಗೆ ನೇರ ಕೆಂಪು ಬಳಿದರೆ ಗುಲಾಬಿಯೇ ಆಗುವುದು, ಮೊದಲು ಬಿಳಿಯನ್ನು ಕೊಲ್ಲಬೇಕು ಎಂದು ಹೇಳಿ, ಐಸಿಂಗಿಗೆ ಒಂದು ಚಮಚ ಕೋಕೋ ಪುಡಿ ಬೆರೆಸಿದ. ಮಾತು ಸರಿಯಾಗಿಯೇ ಇತ್ತು. ಆಮೇಲೆ ಮಾಮ ಒಂದು ಟ್ಯೂಬು ಹಿಂಡಿದ. ಗುಲಾಬಿ ಸ್ವಲ್ಪ ಗಾಢವಾಯಿತು. ಇನ್ನೊಂದು ಹಿಂಡಿದ. ಇನ್ನೂ ಸ್ವಲ್ಪ ಗಾಢವಾಯಿತು. ಪೇಂಟರ್ ಹಾಕು ಹಾಕು ಎಂದ, ಅತ್ತೆ ಕಲಸು ಕಲಸು ಎಂದರು, ಪೊಟ್ಟಣ ಖಾಲಿಯಾಯಿತು. ಮೂವರ ಕೈಗಳೂ ಕೊಲೆ ಮಾಡಿ ಬಂದವರಂತೆ ಕೆಂಪಾಗಿದ್ದವು. ಐಸಿಂಗು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಅದನ್ನೇ ಕೇಕಿನ ಮೇಲೆ ಬಳಿದು, ದೂರ ನಿಂತು ನೋಡಿದರು. ಅತ್ತೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟರು. "ಇದು ಬಸ್ಸಲ್ಲ. ಯಾರದೋ ಒಸಡು."

ಮಾಮ ತಲೆಯ ಮೇಲೆ ಕೈಹೊತ್ತು ಕೂತ. ಹಣೆಗೂ ಬಣ್ಣ ಹತ್ತಿತು. ಒಂದೇ ಒಂದು ಕೆಲಸ, ಜನ್ಮದಲ್ಲಿ ಒಮ್ಮೆ ಮಾಡಬೇಕೆಂದುಕೊಂಡ ಉಪಕಾರ ಸ್ಮರಣೆ, ಅದೂ ಕೈಕೊಟ್ಟಿತಲ್ಲ ಎಂದು ಅವನಿಗೆ ಅಳುವೇ ಬಂತು. ಅವನ ಮುಖ ನೋಡಿ ಅತ್ತೆಗೆ ಪಾಪ ಅನಿಸಿತು.

"ಬಣ್ಣ ಬಸ್ಸಿಗೆ ಒಪ್ಪಲ್ಲ ಅಷ್ಟೇ. ಮುಖಕ್ಕೆ ಒಪ್ಪುತ್ತೆ," ಎಂದರು. "ಆ ಡ್ರೈವರ್ ಮುಖಾನೇ ಬರೆದುಬಿಡಿ. ಹೇಗೂ ಅವರ ದವಡೆ ಚೌಕ."

ಪೇಂಟರ್ ಎದ್ದು ನಿಂತ. ಬರೀ ಗೋಡೆ ಬಳಿದು ಬಳಿದು ಬೇಸತ್ತಿದ್ದವನೊಳಗೆ ಒಬ್ಬ ಕಲಾವಿದ ಕಾದಿದ್ದ. ಇನ್ನಷ್ಟು ಕೋಕೋ ಬೆರೆಸಿ ಕಪ್ಪಾಗಿಸಿದ ಐಸಿಂಗಿನಲ್ಲಿ ಪೊದೆಯಂಥ ಮೀಸೆ, ದಪ್ಪ ಹುಬ್ಬು, ಟೋಪಿ, ಅಗಲವಾದ ನಗು ಎಲ್ಲ ಮೂಡಿದವು. ಡ್ರೈವರಣ್ಣ ಗುಲಾಬಿ ಕೆನ್ನೆ ಉಬ್ಬಿಸಿ ನಗುತ್ತಾ ತಟ್ಟೆಯಲ್ಲಿ ಕೂತರು. ನೋಡುತ್ತಾ ನೋಡುತ್ತಾ ಮಾಮನ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ತನಗಾಗಿ ಕಾದದ್ದು ಬಸ್ಸಲ್ಲ, ಈ ಮನುಷ್ಯ. ಬಸ್ಸಿನ ಕೇಕು ಮಾಡಹೊರಟಿದ್ದೇ ದಡ್ಡತನ ಎನ್ನಿಸಿತು. ಅತ್ತೆಗೂ ಪೇಂಟರಿಗೂ ಕೈಮುಗಿದು, ಕೇಕನ್ನು ಡಬ್ಬಿಗಿಳಿಸಿ, ಮೇಲೆ ದಾರ ಕಟ್ಟಿ, ಇನ್ನೂ ಮಧ್ಯಾಹ್ನವಲ್ಲವೇ ಎಂದುಕೊಂಡು ಬೆನ್ನು ನೆಟ್ಟಗೆ ಮಾಡಲು ಒಂದು ಗಳಿಗೆ ಮಲಗಿದ.

ಹೆಂಡತಿ ಬಂದು ಅಲುಗಾಡಿಸಿ ಎಬ್ಬಿಸಿದಾಗ ಸಂಜೆಯಾಗಿತ್ತು. ಕೊನೆಯ ಟ್ರಿಪ್ಪಿನ ಬಸ್ಸು ಸ್ಟಾಪಿಗೆ ಬರುವ ಹೊತ್ತು. ಮಾಮ ಒಂದು ಕೈ ಅಂಗಿಗೆ ತೂರಿಸಿ, ಇನ್ನೊಂದು ಕೈಯಲ್ಲಿ ಡಬ್ಬಿ ಅವಚಿಕೊಂಡು ಮೆಟ್ಟಿಲುಗಳನ್ನು ಹಾರಿದ. ಹಿಂದೆ ಹೆಂಡತಿ, ಡಬ್ಬಿ ಓರೆಯಾಯಿತು, ಓರೆಯಾಯಿತು ಎಂದು ಹೇಳುತ್ತಾ ಓಡಿದಳು. ಬಸ್ಸು ನಿಂತಿತ್ತು. ಡ್ರೈವರಣ್ಣ ಕೆಳಗಿಳಿದು ಟೈರು ತಟ್ಟುತ್ತಿದ್ದರು.

ಬಸ್ಸು ಡಿಪೋ ಸೇರಿದ ಮೇಲೆ ದಿನವೂ ಬರುವ ಪ್ರಯಾಣಿಕರೆಲ್ಲ ಇಳಿಯದೆ ಉಳಿದರು. ಒಬ್ಬರು ಹೂಗುಚ್ಛ ಕೊಟ್ಟರು, ಇನ್ನೊಬ್ಬರು ಗಡಿಯಾರ ಕೊಟ್ಟರು. ನಾಳೆಯಿಂದ ಈ ಬಸ್ಸು ಓಡಿಸಬೇಕಾದ ಹೊಸ ಡ್ರೈವರ್, ಇಸ್ತ್ರಿ ಮಾಡಿದ ಸಮವಸ್ತ್ರದ ಒಬ್ಬ ಹೆಂಗಸು, ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಮಾಮ ಮೊದಲ ಬಾರಿಗೆ ಹಿಂದಿನ ಸೀಟಿನಿಂದ ಎದ್ದು ಮುಂದೆ ಬಂದ. "ಅಣ್ಣಾ, ನಿಮ್ಮಿಂದಲೇ ನಾನು ಊಟ ಮಾಡ್ತಿರೋದು. ನಿಮ್ಮ ಆ ನಗುಮುಖ ನಾನು ಸಾಯೋವರೆಗೂ ಮರೆಯಲ್ಲ," ಎಂದಷ್ಟೇ ಹೇಳಿ ದಾರ ಬಿಚ್ಚಿದ, ಮುಚ್ಚಳ ತೆಗೆದ.

ಇಣುಕಿದವರೆಲ್ಲ ತಲೆ ಹಿಂದಕ್ಕೆಳೆದುಕೊಂಡರು.

ಡಬ್ಬಿಯಲ್ಲಿದ್ದ ಮುಖ ಕೆಂಪಗಿತ್ತು. ಬೆಳಗಿನಿಂದ ಹುಡುಕಿದ ಅದೇ ಕೆಂಪು, ಬಸ್ಸಿಗಿಂತ ಒಂದು ಕೈ ಮಿಗಿಲಾದ ಕೆಂಪು. ಓಡಿಬಂದ ರಭಸಕ್ಕೆ ಹುಬ್ಬುಗಳು ಜಾರಿ ಮೂಗಿನ ಮೇಲೆ ಗಂಟಿಕ್ಕಿದ್ದವು. ಮೀಸೆ ಕೆಳಗಿಳಿದು ನಗುವನ್ನು ನುಂಗಿತ್ತು. ಡ್ರೈವರಣ್ಣ ಡಬ್ಬಿಯೊಳಗಿನಿಂದ ಯಾರನ್ನೋ ಸುಟ್ಟು ಬೂದಿ ಮಾಡುವಂತೆ ನೋಡುತ್ತಿದ್ದರು.

"ಜೆಲ್ ಬಣ್ಣ ಹಾಕಿದ ಕೂಡಲೇ ಏರಲ್ಲ ರೀ, ಹೊತ್ತು ಕಳೀತಾ ಏರುತ್ತೆ," ಎಂದು ಹೆಂಡತಿ ಪಿಸುಗುಟ್ಟಿದಳು. ಮೊದಲೇ ಹೇಳಬಾರದಿತ್ತೇ ಎಂದರೆ, ಕಟ್ಟಡವನ್ನೆಲ್ಲ ಕೇಳಿದವರು ನನ್ನನ್ನು ಕೇಳಿದಿರಾ ಎಂದಳು. ಮಾಮನಿಗೆ ಬಸ್ಸಿನ ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು.

ಡ್ರೈವರಣ್ಣ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ದಿನಾ ಬೆಳಿಗ್ಗೆ ನಿಮಗೋಸ್ಕರ ಕಾಯುವಾಗ ನನ್ನ ಮುಖ ಹೀಗೇ ಇರ್ತಿತ್ತು," ಎಂದರು. "ಅದಕ್ಕೇ ಕೆಳಗಿಳಿದು ಟೈರ್ ಕಡೆ ತಿರುಗಿ ನಿಲ್ತಿದ್ದೆ. ತಲೆ ಎತ್ತದೇ ಇದನ್ನ ಯಾವಾಗ ನೋಡಿದ್ರಿ ನೀವು?"

ಇಡೀ ಬಸ್ಸು ಹೋ ಎಂದು ನಕ್ಕಿತು. ಡ್ರೈವರಣ್ಣ ಎಲ್ಲರಿಗಿಂತ ಜೋರಾಗಿ ನಕ್ಕು ಕಣ್ಣೊರೆಸಿಕೊಂಡರು. ಇವತ್ತು ಬಿಟ್ಟೇ ಹೋಗುತ್ತೇನೆ ಎಂದು ದಿನವೂ ಕುದಿಯುತ್ತಿದ್ದರಂತೆ. ಅಷ್ಟರಲ್ಲಿ ಒಂದು ತೋಳು ಜೋತಾಡಿಸಿಕೊಂಡು, ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡು ಮಾಮ ಮೂಲೆಯಲ್ಲಿ ಕಾಣಿಸುತ್ತಿದ್ದನಂತೆ, ನಗು ಬಂದು ಕೋಪ ಇಳಿದುಹೋಗುತ್ತಿತ್ತಂತೆ. "ಬೇಸರದ ದಿನಗಳಲ್ಲೂ ಒಂದು ಸಲವಾದ್ರೂ ನಗಿಸಿದ್ದೀರಿ. ಥ್ಯಾಂಕ್ಸ್ ನಾನೇ ಹೇಳಬೇಕು ಕಣಪ್ಪ," ಎಂದು ಮಾಮನ ಹೆಗಲು ತಬ್ಬಿಕೊಂಡರು. ಮಾಮ ಮಗುವಿನಂತೆ ಅತ್ತ. ತಾನು ಇಷ್ಟು ಒಳ್ಳೆಯ ಜನರ ನಡುವೆ ಇದ್ದೇನೆಂದು ಅವನಿಗೆ ಅಷ್ಟು ಚೆನ್ನಾಗಿ ಹಿಂದೆಂದೂ ಗೊತ್ತಾಗಿರಲಿಲ್ಲ.

ಕೇಕು ಕತ್ತರಿಸಿದರು. ಅಷ್ಟೊಂದು ಬಣ್ಣಕ್ಕೆ ತುಸು ಕಹಿಯಾಗಿತ್ತು, ಆದರೂ ಎಲ್ಲರೂ ತಿಂದರು. ಹಲ್ಲು, ತುಟಿ, ನಾಲಿಗೆ ಎಲ್ಲ ಕೆಂಪಾಗಿ ಬಸ್ಸಿನಲ್ಲಿದ್ದವರೆಲ್ಲ ಒಂದೇ ಮನೆಯವರಂತೆ ಕಂಡರು. ಮಾಮ ದೊಡ್ಡದೊಂದು ತುಂಡನ್ನು ಆಯ್ದು, ಹುಬ್ಬಿನ ಸಮೇತ, ಹೊಸ ಡ್ರೈವರಿಗೆ ಕೊಟ್ಟ. ನಾಳೆಯಿಂದ ನೀವೇ ಅಲ್ಲವೇ ಮೇಡಂ ಎಂದು ಹಲ್ಲು ಕಿರಿದ.

ಆಕೆ ಆ ಹುಬ್ಬನ್ನೇ ನೋಡುತ್ತಾ ನಿಧಾನವಾಗಿ ತಿಂದಳು. ಕೈ ಒರೆಸಿಕೊಂಡಳು.

"ಚೆನ್ನಾಗಿದೆ ಸರ್," ಎಂದಳು. "ಇದನ್ನ ನೋಡಿದ್ದು ಒಳ್ಳೇದಾಯ್ತು. ನನಗೆ ಬಿ.ಪಿ. ಇದೆ. ಮುಖ ಇಷ್ಟು ಕೆಂಪಾಗಬಾರದು ಅಂತ ಡಾಕ್ಟರ್ ಹೇಳಿದ್ದಾರೆ."

ಎಲ್ಲರೂ ಮತ್ತೊಮ್ಮೆ ನಕ್ಕರು. ಮಾಮನೂ ನಕ್ಕ. ಆಕೆ ಮಾತ್ರ ನಗಲಿಲ್ಲ.

ಮರುದಿನ ಬೆಳಿಗ್ಗೆ ಮಾಮ ಒಂದು ಕೈ ಅಂಗಿಯೊಳಗೆ, ಒಂದು ಕೈ ಹೊರಗೆ ಮಾಡಿಕೊಂಡು ಮೂಲೆ ತಿರುಗಿದಾಗ, ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ಆ ಬಸ್ಸಿನ ಹಿಂಭಾಗ ಕಂಡಿತು. ಅದೂ ಅಪ್ಪಟ ಕೆಂಪಗಿತ್ತು. ನೋಡನೋಡುತ್ತಿದ್ದಂತೆ ಚಿಕ್ಕದಾಗಿ, ಬೀದಿಯ ತುದಿಯಲ್ಲಿ ತಿರುಗಿ ಹೋಯಿತು.