ಎಲ್ಲಪ್ಪನ ಎಡಗಾಲು

ಒಂದು ಸೂಜಿ ಕೆಳಗೆ ಬಿದ್ದದ್ದೇ ನೆಪ. ಶ್ರೀನಿವಾಸಪುರದ ಪೇಟೆ ಬೀದಿಯ ದರ್ಜಿ ಕೋದಂಡರಾಮಪ್ಪ ಅದನ್ನು ಎತ್ತಿಕೊಳ್ಳಲು ಬಾಗಿದ. ಸೂಜಿ ಸಿಕ್ಕಿತು, ಸೊಂಟ ಮೇಲೆ ಬರಲಿಲ್ಲ. ವರ್ಷಾನುಗಟ್ಟಲೆ ಹೊಲಿಗೆ ಮಿಷಿನ್ನಿನ ಮೇಲೆ ಕೊಕ್ಕೆಯಂತೆ ಬಾಗಿ ಕೂತ ಬೆನ್ನು, ಇನ್ನು ಕೊಕ್ಕೆಯಾಗಿಯೇ ಇರುತ್ತೇನೆಂದು ಹಟ ಹಿಡಿದಿತ್ತು.

ಹೆಂಡತಿ ಅನಸೂಯಮ್ಮನ ಕೂಗಿಗೆ ಮೊದಲು ಓಡಿಬಂದವಳು ಎದುರುಮನೆಯ ಸೂಲಗಿತ್ತಿ ಅಕ್ಕಯಮ್ಮ. ಊರಿನ ಅರ್ಧ ಜನವನ್ನು ಭೂಮಿಗೆ ತಂದವಳು. ಹಾಗಾಗಿ ಅವರ ಮೈಕೈಯ ಮೇಲೆಲ್ಲ ತನಗೆ ಹಕ್ಕಿದೆಯೆಂದು ಅವಳ ನಂಬಿಕೆ.

"ಉಳುಕು ಕಣೇ ಇದು. ಎಣ್ಣೆಗಿಣ್ಣೆಗೆಲ್ಲ ಹೋಗಲ್ಲ. ಕಾಲು ಮುಂದಾಗಿ ಹುಟ್ಟಿದೋರು ಹೊಸ್ತಿಲ ಮೇಲೆ ನಿಲ್ಲಿಸಿ ಎಡಗಾಲಲ್ಲಿ ಮೂರು ಸಲ ಒದೀಬೇಕು. ನಮ್ಮ ಎಲ್ಲಪ್ಪ ಇಲ್ವಾ? ಬೈರಕೂರಿಂದ ಗಾಡಿ ಕಟ್ಕೊಂಡು ಬಂದು ಒದೆಸ್ಕೊಂಡು ಹೋಗ್ತಾರೆ ಜನ. ಸಂಜೆ ಬರೋಕೆ ಹೇಳ್ತೀನಿ."

ಕೋದಂಡರಾಮಪ್ಪನ ಜೀವ ಬಾಯಿಗೆ ಬಂತು. ಎಲ್ಲಪ್ಪ ಮಾವಿನ ಮಂಡಿಯ ಹಮಾಲಿ; ಅವನ ಕಾಲೆಂದರೆ ಒನಕೆ. ಹೋದ ವರ್ಷ ತನ್ನ ಮದುವೆಗೆ ನೀಲಿ ಗೀರಿನ ಕೋಟು ಹೊಲಿಸಿದ್ದ. ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲು. ಕೊಟ್ಟ ಬಟ್ಟೆಯಲ್ಲೇ ಕೋದಂಡರಾಮಪ್ಪ ತನಗೊಂದು ಟೋಪಿಗೂ ಕತ್ತರಿ ಹಾಕಿಬಿಟ್ಟ. ಎಡತೋಳು ಮೊಣಕೈ ದಾಟಲಿಲ್ಲ. "ಬಟ್ಟೇನೇ ಸಾಲಲಿಲ್ಲಪ್ಪಾ" ಎಂದು ಆಣೆ ಇಟ್ಟಿದ್ದ. ಧಾರೆಯ ಹೊತ್ತಿಗೆ ಹೆಣ್ಣಿನ ಕಡೆಯವರೆಲ್ಲ ನಕ್ಕಿದ್ದರು. "ನಿಜ ಗೊತ್ತಾಗ್ಲಿ, ಆಮೇಲೈತೆ ನಿನಗೆ" ಎಂದಿದ್ದ ಎಲ್ಲಪ್ಪ. ಟೋಪಿ ಅಂದಿನಿಂದ ಮನೆಯ ಗೂಟ ಬಿಟ್ಟು ಆಚೆ ಬಂದಿರಲಿಲ್ಲ.

ಸಂಜೆಯೊಳಗೆ ಬೆನ್ನು ನೆಟ್ಟಗಾಗಬೇಕು, ಇಲ್ಲದಿದ್ದರೆ ಅಂಥ ಕಾಲಿಗೆ ತಾನಾಗಿ ಬೆನ್ನು ಒಡ್ಡಬೇಕು. ಕೋದಂಡರಾಮಪ್ಪ ಬಾಗಿಕೊಂಡೇ ಆಸ್ಪತ್ರೆಗೆ ಹೊರಟ. ದಾರಿಯಲ್ಲಿ ಇಬ್ಬರು "ಏನು ಕಳ್ಕೊಂಡೆ?" ಎಂದು ಕೇಳಿ ಅವನ ಜೊತೆ ತಾವೂ ಹುಡುಕಿದರು.

ಡಾಕ್ಟರು ಬೆನ್ನು ತಟ್ಟಿ ನಕ್ಕರು. "ರೋಗ ಏನಿಲ್ಲ ಕಣಯ್ಯ. ನೀನು ಕೂರೋ ರೀತೀನೇ ರೋಗ. ನೀರು ಹೊರೋ ಹೆಂಗಸರನ್ನ ನೋಡು, ಯಾರಾದ್ರೂ ಗೂನು ಹಾಕ್ಕೊಂಡು ನಡೀತಾರಾ? ತಲೆ ಮೇಲೊಂದು ಚೆಂಬು ಇಟ್ಕೊಂಡು, ಬೀಳದ ಹಾಗೆ ನಡಿ."

ಮನೆಗೆ ಬಂದು ಗೋಡೆ ಹಿಡಿದು, ಅಯ್ಯೋ ಅಮ್ಮಾ ಎನ್ನುತ್ತಾ ಮೆಲ್ಲಗೆ ನೆಟ್ಟಗಾದ. ಬೋಳುತಲೆಯ ಮೇಲೆ ಚೆಂಬು ನಿಲ್ಲಲಿಲ್ಲ. ಅನಸೂಯಮ್ಮ ಗೂಟದ ಟೋಪಿ ತಂದು ತಲೆಗೆ ಹಾಕಿ, ಅದರ ಮೇಲೆ ನೀರು ತುಂಬಿದ ಹಿತ್ತಾಳೆ ಚೆಂಬು ಇಟ್ಟಳು. ಮನೆಯೊಳಗೆ ನಾಲ್ಕು ಹೆಜ್ಜೆಗೆ ಗೋಡೆ ಅಡ್ಡ. ಚೆಂಬಿನ ಧ್ಯಾನದಲ್ಲಿ ಟೋಪಿಯ ಗುಟ್ಟು ಮರೆತು ಬೀದಿಗಿಳಿದ.

ಕಾಫಿ ಹೋಟೆಲಿನ ಗಂಗುಲಪ್ಪ ಕಣ್ಣರಳಿಸಿದ. "ಏನ್ಲಾ ಕೋದಂಡ ಇದು?"

"ಸೊಂಟನೋವಿಗಪ್ಪಾ" ಎಂದ, ಕತ್ತು ಅಲ್ಲಾಡಿಸದೆ.

"ಓಹೋ, ಹರಕೆ! ಮುತ್ಯಾಲಮ್ಮಂಗಾ?"

ಅಲ್ಲವೆಂದು ತಲೆಯಾಡಿಸೋಣವೆಂದರೆ ಚೆಂಬು ಬೀಳುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಗಂಗುಲಪ್ಪ ಕೂಗಿಬಿಟ್ಟ: "ಅಮ್ಮಗಳಿರಾ, ನೀರು ತನ್ನಿ! ಕೋದಂಡ ತಾಯಿಗೆ ಕಳಶ ಹೊತ್ತವ್ನೆ!"

ಆಮೇಲೆ ಕೇಳಬೇಕೇ? ಮನೆಮನೆಯವರೂ ಬಂದು ಕಾಲಿಗೆ ನೀರು ಸುರಿದರು, ಅರಿಶಿನ ಹಚ್ಚಿದರು. ಟೋಪಿ ಮುಚ್ಚಿಹೋಗುವಷ್ಟು ಬೇವಿನ ಸೊಪ್ಪು ಚೆಂಬಿಗೆ ಕಟ್ಟಿದರು. ಎಲ್ಲಿಂದಲೋ ತಮಟೆ ಬಂತು. ಮಂಡಿಯ ಮುಂದೆ ಮೆರವಣಿಗೆ ಹಾದಾಗ, ಬುಟ್ಟಿ ಹೊತ್ತಿದ್ದ ಎಲ್ಲಪ್ಪ ಹೊರೆಯ ಸಮೇತ ಬಾಗಿ ನಮಸ್ಕಾರ ಮಾಡಿದ. ಊರಾಚೆಯ ಗುಡಿ ಮುಟ್ಟಿ ಚೆಂಬು ಇಳಿಸಿದಾಗ ಕೋದಂಡರಾಮಪ್ಪನಿಗೆ ಅರಿವಾಯಿತು: ನೋವೇ ಇಲ್ಲ! ಡಾಕ್ಟರೋ, ತಾಯಿಯೋ, ಯಾರಾದರೇನು, ಇಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದ. ಇಷ್ಟು ಸುಖವಾಗಿ ಅವನು ನಡೆದು ಎಷ್ಟು ಕಾಲವಾಗಿತ್ತೋ.

ಮನೆಗೆ ಬಂದು ಜಗಲಿಯ ಮೇಲೆ ಅಮಲ್ದಾರನ ಹಾಗೆ ನೆಟ್ಟಗೆ ಕೂತು, "ಎಲ್ಲಪ್ಪನಿಗೆ ಬರೋದು ಬೇಡ ಅಂತ ಹೇಳ್ಕಳ್ಸೇ" ಎಂದ.

ಅಷ್ಟರಲ್ಲಿ ಎಲ್ಲಪ್ಪನೇ ಬಂದ. ಗಂಗುಲಪ್ಪನೂ ಇನ್ನೊಬ್ಬನೂ ಹಿಡಿದುಕೊಂಡಿದ್ದರು, ಮೈ ಎರಡಾಗಿ ಮಡಿಚಿತ್ತು. ಕಳಶ ಹೊತ್ತವರ ಮನೆಗೆ ಬರಿಮೈಯಲ್ಲಿ ಬರಬಾರದೆಂದು ಅದೇ ಮೋಟುತೋಳಿನ ಕೋಟು ತೊಟ್ಟಿದ್ದ.

"ಅಣ್ಣಾ, ಬುಟ್ಟಿ ಹೊತ್ಕೊಂಡೇ ನಿನ್ನ ಕಳಶಕ್ಕೆ ಬಗ್ಗಿದೆ. ಹಂಗೇ ಹಿಡ್ಕೊಂಡ್ತು. ನೀನೇ ಏನಾದ್ರೂ ಮಾಡು."

"ಒದೆಯೋನಿಗೇ ಉಳುಕಿದ್ರೆ ಒದೆಯೋರ್ಯಾರು?" ಎಂದು ಗಂಗುಲಪ್ಪ ಪೇಚಾಡಿದ.

"ಕೋದಂಡನೇ ಒದೀಲಿ!" ಎಂದಳು ಎದುರುಮನೆಯಿಂದ ಬಂದ ಅಕ್ಕಯಮ್ಮ. "ಇವನೂ ಕಾಲು ಮುಂದಾಗೇ ಬಂದೋನು. ಎಳೆದೋಳು ನಾನಲ್ವಾ! ಊರೋರೆಲ್ಲ ಬಂದು ಮಗೂನ ಕಾಡ್ತಾರೆ ಅಂತ ಅವರಮ್ಮ ಬಾಯಿ ಬಿಡಬೇಡ ಅಂದಿದ್ಲು. ಆಯಮ್ಮಾನೇ ಹೋದ್ಲು, ಇನ್ನೇನು ಗುಟ್ಟು?"

ಬೆಳಗಿನಿಂದ ಯಾರಿಗೆ ಹೆದರಿ ಊರು ಸುತ್ತಿದ್ದನೋ ಅವನು ಈಗ ಹೊಸ್ತಿಲ ಮೇಲೆ ಬೆನ್ನು ಕೊಟ್ಟು ನಿಂತಿದ್ದಾನೆ! ಕೋದಂಡರಾಮಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೊದಲ ಒದೆ ಮೆತ್ತಗೆ ಕೊಟ್ಟ. ಎರಡನೆಯದು ಶಾಸ್ತ್ರಕ್ಕೆ. ಮೂರನೆಯದಕ್ಕೆ ಆಸೆ ತಡೆಯಲಾಗದೆ ಕಾಲನ್ನು ಎತ್ತರಕ್ಕೆ ಎತ್ತಿ ಬಾರಿಸಿದ.

ಲಟಕ್ ಎಂದಿತು. ಎಲ್ಲಪ್ಪ ತೆಂಗಿನ ಮರದಂತೆ ಎದ್ದು ನಿಂತ. ಲಟಕ್ ಎಂದದ್ದು ಮಾತ್ರ ಅವನ ಬೆನ್ನಲ್ಲ. ಕೋದಂಡರಾಮಪ್ಪ ಬೆಳಿಗ್ಗೆ ಬಾಗಿದ್ದಂತೆಯೇ ಬಾಗಿದ್ದ. ಮರೆತು ತಲೆಯ ಮೇಲೇ ಬಿಟ್ಟಿದ್ದ ಟೋಪಿ ಜಾರಿ ಎಲ್ಲಪ್ಪನ ಪಾದದ ಹತ್ತಿರ ಬಿತ್ತು.

ಎಲ್ಲಪ್ಪ ಅದನ್ನು ಎತ್ತಿಕೊಂಡ. ನೀಲಿ ಗೀರು. ಕೋಟಿನ ಎಡತೋಳಿನ ತುದಿಗೆ ಹಿಡಿದು ನೋಡಿದ. ಗೀರಿಗೆ ಗೀರು ಕೂಡಿತು. ಟೋಪಿಯನ್ನು ಜೇಬಿಗಿಟ್ಟು, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ.

"ಹೊಸ್ತಿಲ ಮೇಲೆ ಬಂದು ತಿರುಗಿ ನಿಂತ್ಕೊ ಅಣ್ಣಾ" ಎಂದ, ಬಹಳ ಮರ್ಯಾದೆಯಿಂದ.

"ಎಡಗಾಲು ಕಣೋ, ಎಡಗಾಲು!" ಎಂದು ಅಕ್ಕಯಮ್ಮ ನೆನಪಿಸಿದಳು.