ಅಪ್ಪನ ಕೈ ಮತ್ತು ಹಾಳೆಯ ಬಲಮೂಲೆ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಪದಗಳೂ ಹೆಚ್ಚು ಗೊತ್ತಿಲ್ಲ, ಓದುವವರು ಸಹಿಸಿಕೊಳ್ಳಬೇಕು. ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವರ ಮಗಳಾಗಿಯೂ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಆದರೆ ಇದು ಅಪ್ಪನ ಕಥೆ.

ಬೋರ್ಡು ಬರೆಯುವುದರ ಜೊತೆಗೆ ಅಪ್ಪ ಪಕ್ಕದ ಬೀದಿಯ ಶಾಲೆಯಲ್ಲಿ ವಾರಕ್ಕೆರಡು ದಿನ ಚಿತ್ರಕಲೆ ಹೇಳಿಕೊಡುತ್ತಿದ್ದರು. ಈ ವರ್ಷ ಮುಖ್ಯೋಪಾಧ್ಯಾಯಿನಿ, "ಕಲಾ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸು ಮಾಡಿ, ಕೆಲಸ ಕಾಯಂ. ಇಲ್ಲಾಂದ್ರೆ ಬೇರೆಯವರನ್ನ ತಗೋಬೇಕಾಗುತ್ತೆ" ಎಂದರು.

"ಭಯಪಡಬೇಕಾದವನು ನಾನಲ್ಲ, ಪರೀಕ್ಷೆ," ಎಂದು ಅಪ್ಪ ಮನೆಯಲ್ಲಿ ಘೋಷಿಸಿದರು.

ಎದುರಿಗಿಟ್ಟ ವಸ್ತುಗಳನ್ನು ನೋಡಿ ಬಿಡಿಸುವುದೇ ಮುಖ್ಯ ಪ್ರಶ್ನೆ. ಊಟದ ಮೇಜಿನ ಮೇಲೆ ಹೂಜಿ, ಬಾಟಲಿ, ಎರಡು ಸೇಬು ಸಿಂಹಾಸನವೇರಿದವು. ನಾವು ವಾರವಿಡೀ ನೆಲದ ಮೇಲೆ ಉಂಡೆವು. ಮೂರನೆಯ ದಿನ ಒಂದು ಸೇಬನ್ನು ನಾನು ತಿಂದೆ. ಅಪ್ಪ ಅದನ್ನು ನೆನಪಿನಿಂದಲೇ ಬಿಡಿಸಿದರು. ಅಮ್ಮ ಗಡಿಯಾರ ಹಿಡಿದು ಮೇಲ್ವಿಚಾರಕಿಯಾದಳು.

ಮೊದಲ ಚಿತ್ರದ ಹೂಜಿ ಈಗಲೇ ನೀರು ಸುರಿಯುತ್ತೇನೆ ಎನ್ನುವಂತಿತ್ತು. ಬಲಮೂಲೆಯಲ್ಲಿ, ತಾವು ಬರೆದ ಪ್ರತಿ ಬೋರ್ಡಿನಲ್ಲೂ ಹಾಕುವ ಹಾಗೆ, ಅಂದವಾಗಿ ಅಪ್ಪನ ಬೋರ್ಡಿನಂಗಡಿಯ ಹೆಸರು, ಕೆಳಗೆ ಫೋನ್ ನಂಬರು.

"ಏನ್ರೀ ಇದು? ಗುರುತು ಸಿಗೋ ಹಾಗೆ ಏನಾದ್ರೂ ಬರೆದ್ರೆ ಹಾಳೆ ರದ್ದು ಅಂತ ನಿಯಮದಲ್ಲೇ ಇದೆಯಲ್ಲ."

"ನಾನೆಲ್ಲಿ ಬರೆದೆ? ಕೈ ಬರೀತು."

"ಹಾಗಾದ್ರೆ ಕೈನ ಮನೇಲಿ ಬಿಟ್ಟು ಹೋಗಿ."

ಅಮ್ಮ ಬಲಮೂಲೆಗೆ ಕಾಗದ ಅಂಟಿಸಿದಳು. ಕೈ ಎಡಮೂಲೆಗೆ ಹೋಯಿತು. ಎರಡನ್ನೂ ಮುಚ್ಚಿದರೆ ಮೇಜಿನ ಮೇಲೇ ಬರೆಯಿತು; ಸೋಪು ಹಾಕಿ ಉಜ್ಜಿದರೂ ಅದು ಇನ್ನೂ ಹೋಗಿಲ್ಲ. ಕೊನೆಗೆ ನಾನು ಅಳತೆಪಟ್ಟಿ ಹಿಡಿದು ಪಕ್ಕದಲ್ಲಿ ನಿಂತೆ. ಕುಂಚ ಮೂಲೆಗೆ ಹೊರಟಾಗಲೆಲ್ಲ ಬೆರಳ ಮೇಲೆ ಮೆಲ್ಲಗೊಂದು. ಹೆತ್ತ ತಂದೆಗೆ ಹೊಡೆದ ಪಾಪ ನನಗಿರಲಿ, ನಲವತ್ತು ಹಾಳೆ ಮುಗಿಯುವಷ್ಟರಲ್ಲಿ ಕೈಗೆ ಬುದ್ಧಿ ಬಂತು.

ಪರೀಕ್ಷೆ ಮುಗಿಸಿ ಅಪ್ಪ ರಾಜ್ಯ ಗೆದ್ದವರಂತೆ ಬಂದರು.

"ಮೂಲೆ?" ಅಮ್ಮ ಬಾಗಿಲಲ್ಲೇ ಕೇಳಿದಳು.

"ನಾಲ್ಕೂ ಮೂಲೆ ಹಾಲಿನಷ್ಟು ಬಿಳಿ."

ಅಮ್ಮ ನೆಮ್ಮದಿಯಿಂದ ಕುಳಿತಳು. ಅಪ್ಪ ಕಾಲು ಚಾಚಿದರು. "ಒಂದು ಬಟ್ಟಲು, ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ರು. ಪೆಟ್ಟಿಗೆ ಪಾಪ, ಬೋಳು ಬೋಳು. ಹತ್ತು ನಿಮಿಷ ಉಳಿದಿತ್ತು. ಸುಮ್ನೆ ಯಾಕೆ ಕೂರೋದು ಅಂತ ಅದಕ್ಕೊಂದು ಚೆಂದದ ಲೇಬಲ್ ಹಾಕಿದೆ."

"ಲೇಬಲ್‌ನಲ್ಲಿ ಏನ್ ಬರೆದ್ರಿ ಅಪ್ಪ?" ಎಂದೆ.

ಅಪ್ಪ ಬಲಗೈಯನ್ನು ಎತ್ತಿ, ಯಾರದೋ ಕೈ ಎಂಬಂತೆ ನೋಡಿದರು.

"ನಂಬರೂ ಹಾಕಿದ್ರಾ?" ಅಮ್ಮನ ದನಿ ಸಣ್ಣಗಾಗಿತ್ತು.

"ದೊಡ್ಡದಾಗಿ."

ಹಾಳೆ ರದ್ದಾಯಿತು. ಆರು ತಿಂಗಳಿಗೆ ಮತ್ತೆ ಪರೀಕ್ಷೆ ಇದೆ. ಅಲ್ಲಿಯವರೆಗೆ ಕಾಯುತ್ತೇನೆಂದು ಮುಖ್ಯೋಪಾಧ್ಯಾಯಿನಿ ನಗು ತಡೆದುಕೊಂಡು ಹೇಳಿದ್ದಾರೆ. ನಾಳೆ ನಾನು ಅರ್ಜಿ ತಂದು, ನನ್ನ ಕೋಳಿ ಅಕ್ಷರದಲ್ಲೇ ತುಂಬುತ್ತೇನೆ. ಸಹಿಯ ಜಾಗವನ್ನು ಮಾತ್ರ ಅಪ್ಪನ ಕೈಗೆ ಬಿಡುತ್ತೇನೆ.